ಮುಳ್ಳುಪೊದೆಯ ಹತ್ತಿರ ನಿಂತ ಮೇಕೆಮರಿ

ಬಂಡೆಹಟ್ಟಿ, ಚಳ್ಳಕೆರೆ ಸೀಮೆ
ಉರಿಮಾಸದ ಮೂವತ್ತೆಂಟನೆಯ ದಿನ, 2231

ಓಬಳೇಶ್ ಮೇಷ್ಟ್ರಿಗೆ, ನೀವು ನೆಟ್ಟ ಪಾಠದ ಕೊನೆಯ ಬಳ್ಳಿಯಾದ ಮಾರಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸಿರುತ್ತೀರಿ. ನಿಮ್ಮ ಪಂಚಾಂಗದಲ್ಲಿ ಉರಿಮಾಸ ಎಂಬ ತಿಂಗಳಿಲ್ಲ. ಬೇಸಿಗೆ ಬೆಳೆಯುತ್ತಾ ಬೆಳೆಯುತ್ತಾ ಚೈತ್ರ ವೈಶಾಖಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಅಜ್ಜಂದಿರು ಅವೆರಡರ ನಡುವೆ ಇದೊಂದನ್ನು ತುರುಕಿದರು. ಇದಕ್ಕೆ ಇಷ್ಟೇ ದಿನ ಎಂಬ ಲೆಕ್ಕವಿಲ್ಲ. ಮೊದಲ ಮೋಡ ಕಂಡ ದಿನ ಮುಗಿಯುತ್ತದೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಮಾಡಿಕೊಡುಗಕ್ಕೆ ಹೇಳಿದ್ದರೆ ನಿಮ್ಮ ಕಾಲದ ಕನ್ನಡದಲ್ಲೇ ಇದಕ್ಕಿಂತ ಚೆಂದದ ಕಾಗದ ಬರೆದುಕೊಡುತ್ತಿತ್ತು. ಅದಕ್ಕೇ ಹೇಳಲಿಲ್ಲ. ಇದು ನಿಮಗೆ ಹೇಗೆ ತಲುಪಿತು ಎಂದು ಮಾತ್ರ ಕೇಳಬೇಡಿ. ತಲುಪುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ, ಅಷ್ಟೇ ನನ್ನ ಕೈಲಾಗುವುದು.

ಮಾಡಿಕೊಡುಗ ಎಂದರೆ ಏನೆಂದು ಹೇಳಬೇಕು. ಅದು ಪ್ರತಿ ಮನೆಯ ಗೋಡೆಯಲ್ಲೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಮಾಡಿಕೊಡುತ್ತದೆ. ಲೆಕ್ಕ, ಚಿತ್ರ, ಹಾಡು, ಆಟ, ಯಾವುದಾದರೂ ಸರಿ. ಕೇಳುವುದನ್ನು ಅರ್ಧಕ್ಕೆ ನಿಲ್ಲಿಸಿದರೂ ಉಳಿದರ್ಧವನ್ನು ಅದೇ ಊಹಿಸಿಕೊಳ್ಳುತ್ತದೆ. ಅದನ್ನು ದೂರುವುದು ನನ್ನ ಉದ್ದೇಶವಲ್ಲ. ನಾವು ಬದುಕಿರುವುದೇ ಅದರ ದಯೆಯಿಂದ. ಹಗಲೆಲ್ಲ ನೆಲಗೋಣೆಗಳಲ್ಲಿ, ಎಂದರೆ ಬಂಡೆಯ ಕೆಳಗೆ ಕೊರೆದ ಮನೆಗಳಲ್ಲಿ ಮಲಗಿ, ಬೆಳಗಿನ ಮಬ್ಬಿನಲ್ಲಿ ಒಂದಿಷ್ಟು, ಸಂಜೆಯ ಮಬ್ಬಿನಲ್ಲಿ ಒಂದಿಷ್ಟು ಹೊತ್ತು ಮೇಲೆ ಬರುತ್ತೇವೆ. ಆಗ ನೀರು ತುಂಬಿಕೊಳ್ಳುತ್ತೇವೆ, ಸಜ್ಜೆಯ ಪಾತಿಗಳನ್ನು ನೋಡುತ್ತೇವೆ, ಅಕ್ಕಪಕ್ಕದವರೊಡನೆ ಮಾತಾಡುತ್ತೇವೆ. ಮೇಲೆ ಬರುವ ಹೊತ್ತು, ಇಳಿಯುವ ಹೊತ್ತು ಎರಡನ್ನೂ ತಿಳಿಸುವುದು ಮಾಡಿಕೊಡುಗವೇ. ಅದು ಇಳಿಯಿರಿ ಎಂದಾಗ ಇಳಿಯದವರ ಕಥೆಯನ್ನು ಮುಂದೆ ಹೇಳುತ್ತೇನೆ. ಈಗಲೇ ಹೇಳುವ ಧೈರ್ಯ ನನಗಿಲ್ಲ.

ನಿಮ್ಮ ಮೊದಲ ಪಾಠ ನನಗೆ ಬಾಯಿಪಾಠ. ಆ ಪಾಠದಲ್ಲಿ ಹುಟ್ಟಿದ ಆಟವನ್ನು ಮುಂದಿನವರಿಗೆ ಕೊಡುವವರು ಅದರ ಕಥೆಯನ್ನೂ ಹೇಳಿಯೇ ಕೊಡಬೇಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಎಂಟನೇ ತರಗತಿಯ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕೆಂದು ನೀವು ಬೋರ್ಡಿನ ಮೇಲೆ ಏನೇನೋ ಬರೆದಿರಿ. ಅರ್ಧ ತರಗತಿ ತೂಕಡಿಸಿತು. ಆಗ ನೀವು ಅಳಿಸಿಹಾಕಿ, ಬನ್ನಿ, ಒಂದು ಆಟ ಮಾಡೋಣ ಎಂದಿರಿ. ಮಕ್ಕಳು ಮೇಕೆ ಬೇಕೆಂದರು. ಕಾಲು ಬರೆಯಲು ಯಾರಿಗೂ ಬರಲಿಲ್ಲವಾದ್ದರಿಂದ ಕಂದು ಬಣ್ಣದ ಒಂದು ಚೌಕವೇ ಮೇಕೆಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಚೌಕವನ್ನು ಅವರು ಮುದ್ದಾಡಿದ್ದೇ ಮುದ್ದಾಡಿದ್ದು. ಗುಂಡಿ ಒತ್ತಿದರೆ ಮೇಕೆ ಹಾರಬೇಕು, ಎದುರಿಗೆ ಮುಳ್ಳುಪೊದೆ ಬರುತ್ತದೆ, ತಾಗಿದರೆ ಬಿದ್ದು ಮೊದಲಿನಿಂದ ಶುರು. ಸಾಕಮ್ಮ ಎಂಬ ಹುಡುಗಿಯ ಮೇಕೆ ಮಾತ್ರ ಹಾರಿದ್ದು ನೆಲದ ಮೇಲೆ ನಿಲ್ಲದೆ ಕೆಳಗೆ, ಇನ್ನೂ ಕೆಳಗೆ ಇಳಿದುಹೋಯಿತು. ನೀವು ಸರಿಮಾಡಲು ಕೈ ಚಾಚಿದಿರಿ. ಅವಳು, “ಮುಟ್ಬ್ಯಾಡ್ರಿ ಸಾರ್, ನಾನೇ ಹುಡುಕ್ತೀನಿ” ಎಂದಳು. ನೀವು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿರಿ. ನೆಲ ಎಲ್ಲಿದೆ ಎಂದು ಮೇಕೆಗೆ ತಾನು ಹೇಳಿಯೇ ಇಲ್ಲವೆಂಬುದು ಅವಳಿಗೆ ಹೊಳೆಯುವಷ್ಟರಲ್ಲಿ ಬೆಲ್ಲು ಹೊಡೆದು ಶಾಲೆ ಖಾಲಿಯಾಗಿತ್ತು. ನೀವು ಕೈ ಬಿಚ್ಚಿರಲಿಲ್ಲ.

ಆ ನಿಲುವಿಗೆ ನಾವು ಕೈಕಟ್ಟು ಎನ್ನುತ್ತೇವೆ. ಕಲಿಯುವವರ ಮೇಕೆ ಬೀಳುವಾಗ ಕಲಿಸುವವರು ಕೈ ಹಿಂದೆ ಕಟ್ಟಿ ನಿಲ್ಲಬೇಕು, ಕೈ ಎಷ್ಟೇ ತುರಿಸಿದರೂ ಮುಟ್ಟಬಾರದು. ಎರಡನೆಯ ಕಟ್ಟಳೆ ಬಿತ್ತನೆ ತಪ್ಪು. ಆಟ ಪಡೆದವರು ಅದಕ್ಕೆ ಒಂದು ಹೊಸದನ್ನು ಸೇರಿಸಬೇಕು, ಜೊತೆಗೆ ಒಂದು ತಪ್ಪನ್ನು ಬೇಕೆಂದೇ ಬಿಟ್ಟುಹೋಗಬೇಕು. ಮುಂದಿನವರು ಆ ತಪ್ಪನ್ನು ಹುಡುಕಿ ತಿದ್ದುವುದೇ ಅವರ ಮೊದಲ ಪಾಠ. ಹೀಗೆ ಮೇಕೆಗೆ ಕಾಲು ಬಂತು, ಗಡ್ಡ ಬಂತು, ಆಕಾಶಕ್ಕೆ ಚಂದ್ರ ಬಂದ. ಯಾರೋ ಒಬ್ಬ ಪುಣ್ಯಾತ್ಮ ದಾರಿಯಲ್ಲಿ ಚಹಾದಂಗಡಿ ಇಟ್ಟ. ಚಹಾ ಎಂದರೇನೆಂದು ನಮಗೆ ತಿಳಿದದ್ದೇ ಅದರಿಂದ. ನನ್ನ ಸೋದರಮಾವ ಒಂದು ಮಳೆ ಸೇರಿಸಿದ. ಅವನಿಂದ ಪಡೆದ ನಾನು ಒಂದು ಕೊಡೆ ಸೇರಿಸಿದೆ. ಮೇಕೆ ಕೊಡೆ ಹಿಡಿದು ಹಾರುವುದು ಕಂಡು ಮಾವ ನಕ್ಕು ನಕ್ಕು ಕೆಮ್ಮಿದ.

ಮೂರನೆಯ ಕಟ್ಟಳೆ, ವರ್ಷದ ಕೊನೆಯ ಪಾಠದಲ್ಲಿ ನೀವು ಹೇಳಿದ್ದು: ಒಬ್ಬೊಬ್ಬರು ಒಬ್ಬೊಬ್ಬರಿಗೆ ಕೊಡಿ. ಕೆಳಗಿನ ತರಗತಿಯಲ್ಲೂ ಅಷ್ಟೇ ಮಕ್ಕಳಿದ್ದರು, ಯಾರಿಗೂ ತಪ್ಪಿಹೋಗಬಾರದೆಂದು ಹಾಗೆ ಹೇಳಿದಿರಂತೆ. ನಿಮ್ಮ ಮಾತನ್ನು ಆ ಮಕ್ಕಳೂ ಅವರ ನಂತರ ಪಡೆದವರೂ ವೇದವಾಕ್ಯ ಮಾಡಿಕೊಂಡರು. ಒಬ್ಬರಿಗೆ ಕೊಟ್ಟಾದ ಮೇಲೆ ಇನ್ನೊಬ್ಬರು ಬಂದು ಅಂಗಲಾಚಿದರೂ ಕೊಡಲಿಲ್ಲ. ಸರದಿ ಮುಗಿಯಿತು ಎನ್ನುತ್ತಿದ್ದರು. ಒಬ್ಬ ಬೇಸರವಾಗಿ ಬಿಟ್ಟ, ಒಬ್ಬಳು ಊರು ಬಿಟ್ಟು ಹೋದಳು, ಒಬ್ಬನಿಗೆ ಪಡೆಯುವವರೇ ಸಿಗಲಿಲ್ಲ. ಹಾಗೆ ಒಂದೊಂದೇ ಬಳ್ಳಿ ಒಣಗಿತು. ನಿಷ್ಠೆ ಎಂಬುದು ಇಷ್ಟು ದಡ್ಡತನವನ್ನೂ ಮಾಡಿಸಬಲ್ಲದು ಮೇಷ್ಟ್ರೇ. ಕೊನೆಗೆ ಉಳಿದದ್ದು ಸಾಕಮ್ಮನ ಬಳ್ಳಿಯೊಂದೇ. ಅದರ ತುದಿಯಲ್ಲಿ ನಾನಿದ್ದೆ, ನನ್ನಿಂದ ಪಡೆದ ನನ್ನ ಮಗಳು ನಿಂಗಿ ಇದ್ದಳು.

ನಿಂಗಿ ಒಂದು ಮೇಕೆಮರಿಯನ್ನು ಸೇರಿಸಿದಳು. ತಾಯಿಮೇಕೆ ಹಾರಿದಲ್ಲೆಲ್ಲ ಅದೂ ಹಿಂದೆ ಹಿಂದೆ ಹಾರುತ್ತದೆ, ಚಿಕ್ಕ ಕಾಲಿನದಾದ್ದರಿಂದ ಒಂದು ಕ್ಷಣ ತಡವಾಗಿ. ಆ ತಡವನ್ನು ಸರಿಯಾಗಿ ಕೂರಿಸಲು ಅವಳು ಪಟ್ಟ ಪಾಡು, ನಾನು ಕೈಕಟ್ಟಿ ನಿಂತು ಪಟ್ಟ ಪಾಡು ದೇವರಿಗೇ ಪ್ರೀತಿ. ಆಮೇಲೆ ನನಗೆ ಬೆನ್ನು ತಿರುಗಿಸಿ ಕೂತು ತನ್ನ ಬಿತ್ತನೆ ತಪ್ಪನ್ನು ಇಟ್ಟಳು. “ಅವ್ವ, ಇದನ್ನ ಹುಡುಕೋರು ಸುಸ್ತಾಗ್ಬೇಕು ನೋಡು” ಎಂದು ಕಣ್ಣು ಮಿಟುಕಿಸಿದಳು. ತಾನು ಯಾರಿಗೆ ಕೊಡಬೇಕೆಂದು ಆಗಲೇ ಹುಡುಕತೊಡಗಿದ್ದಳು. ಪಕ್ಕದ ಹಟ್ಟಿಯಲ್ಲಿ ಮಕ್ಕಳಿದ್ದಾರೆಂದು ಕೇಳಿ, ಒಂದು ಬೆಳಗಿನ ಮಬ್ಬಿನಲ್ಲಿ ಅಲ್ಲಿಗೆ ಹೊರಟಳು. ಇಳಿಯುವ ಹೊತ್ತಾಯಿತೆಂದು ಮಾಡಿಕೊಡುಗ ಕೂಗಿತಂತೆ, ಅವಳು ಇನ್ನೇನು ಬಂತು ಎಂದು ನಡೆದಳಂತೆ. ಬಿಸಿಲುಜ್ವರ ಹತ್ತಿದವರು ಉಳಿಯುವುದು ಕಡಿಮೆ. ನನ್ನ ಮಗಳು ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಅವಳು ಹೋದ ಮೇಲೆ ಆಟ ತೆರೆದು ಆಡಿದೆ. ಮೇಕೆ ಪೊದೆಗೆ ತಾಗಿ ಬಿತ್ತು, ಆಟ ಮೊದಲಿನಿಂದ ಶುರುವಾಯಿತು, ಮರಿ ಮಾತ್ರ ಜೊತೆಗೆ ಬರಲಿಲ್ಲ. ಕೊಡೆ ಹಿಡಿದು ಹಾರುತ್ತಾ ಹೋದೆ. ತಾಯಿ ಬಿದ್ದ ಅದೇ ಮುಳ್ಳುಪೊದೆಯ ಹತ್ತಿರ ಅದು ನಿಂತಿತ್ತು. ತಾಯಿ ಬಂದದ್ದೇ ಮತ್ತೆ ಹಿಂದೆ ಹೊರಟಿತು. ಅವಳ ತಪ್ಪು ನನಗೆ ಆಗ ತಿಳಿಯಿತು. ಆಟ ಹೊಸದಾಗಿ ಶುರುವಾದಾಗ ತಾಯಿಯನ್ನು ಹಿಂದಕ್ಕೆ ತರುವ ಸಾಲು ಇದೆ, ಮರಿಯನ್ನು ತರುವ ಸಾಲು ಇಲ್ಲ. ತಾಯಿ ಎಲ್ಲಿ ಬಿದ್ದರೆ ಅಲ್ಲಿ ಮರಿ ಉಳಿದುಬಿಡುತ್ತದೆ. ಮತ್ತೆ ಅದರ ಹತ್ತಿರ ಹೋಗಬೇಕಾದರೆ ಅಲ್ಲಿಯವರೆಗೆ ಬೀಳದೆ ಹಾರಬೇಕು. ಹೋಗಿ ಕರೆದುಕೊಂಡು ಮುಂದೆ ಸಾಗಿ ಮತ್ತೆ ಬಿದ್ದರೆ, ಅದು ಇನ್ನೂ ದೂರದಲ್ಲಿ ಉಳಿಯುತ್ತದೆ. ಪ್ರತಿ ಸಂಜೆ ಆಡಿದೆ, ಪ್ರತಿ ಸಂಜೆ ಅದನ್ನು ಇನ್ನಷ್ಟು ದೂರ ಬಿಟ್ಟುಬಂದೆ. ಈಗ ಅಷ್ಟು ದೂರ ಬೀಳದೆ ಹಾರಲು ನನ್ನಿಂದ ಆಗುತ್ತಿಲ್ಲ. ಉರಿಮಾಸ ಹುಟ್ಟಿದಾಗಿನಿಂದ ನಾನು ಮರಿಯ ಮುಖ ನೋಡಿಲ್ಲ.

ಒಂದು ಸಾಲು ಬರೆದರೆ ಮರಿ ತಾಯಿಯ ಪಕ್ಕಕ್ಕೆ ಬರುತ್ತದೆ. ಆ ಸಾಲು ನನಗೆ ಗೊತ್ತು. ಆದರೆ ನಾನು ಕಲಿಸಿದವಳು, ನನ್ನ ಕೈ ಹಿಂದೆ ಕಟ್ಟಿದೆ. ಅದು ನಿಂಗಿ ಮುಂದಿನವರಿಗಾಗಿ ಇಟ್ಟದ್ದು, ನನಗಾಗಿ ಅಲ್ಲ. ನಾನು ತಿದ್ದಿಬಿಟ್ಟರೆ ನನ್ನ ಮಗಳು ಯಾರಿಗೂ ಏನನ್ನೂ ಕೊಡದೆ ಹೋದಂತಾಗುತ್ತದೆ. ನೆರೆಮನೆಯ ಬೋರಯ್ಯ ಒಳ್ಳೆಯವನು, ನನ್ನ ಸಂಕಟ ನೋಡಲಾರದೆ, “ಒಂದ್ ಮಾತು ಹೇಳಿದ್ರೆ ಅದೇ ಸರಿ ಮಾಡ್ತೈತೆ ಮಾರಕ್ಕ, ಯಾಕ್ ಹಿಂಗೆ ಜೀವ ತೇಯ್ತೀಯ” ಎನ್ನುತ್ತಾನೆ. ಹೇಳದಿದ್ದರೂ ಸರಿಮಾಡುತ್ತದೆ. ಈ ಆಟ ಇರುವಂಥ ಹಳೆಯ ಯಂತ್ರಗಳನ್ನೆಲ್ಲ ಮೊದಲ ಮೋಡದ ಹೊತ್ತಿಗೆ ಮಾಡಿಕೊಡುಗಕ್ಕೆ ಸೇರಿಸಬೇಕೆಂದು ಹಟ್ಟಿಯವರು ತೀರ್ಮಾನಿಸಿದ್ದಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ. ಸೇರಿದ ಮರುಕ್ಷಣವೇ ಅದು ಕಂಡ ತಪ್ಪನ್ನೆಲ್ಲ ಅಳಿಸುತ್ತದೆ, ಯಾರ ತಪ್ಪು ಎಂದು ಕೇಳುವುದಿಲ್ಲ.

ಒಬ್ಬರಿಗೇ ಎಂಬ ಕಟ್ಟಳೆ ಮುರಿದು ಬೋರಯ್ಯನ ಮೊಮ್ಮಕ್ಕಳನ್ನು ಕರೆದು ಕೂರಿಸಿದೆ. ಮೇಕೆ ಬಿತ್ತು, ಮರಿ ಹಿಂದುಳಿಯಿತು. ಮಕ್ಕಳು ಗೋಡೆಯ ಕಡೆ ನೋಡಿದರು. ಅವರ ಕೈಯಲ್ಲಿ ಈ ತನಕ ಯಾವುದೂ ಕೆಟ್ಟಿಲ್ಲ, ಕೆಟ್ಟದ್ದನ್ನು ನೋಡಬೇಕೆಂದೇ ಅವರಿಗೆ ಗೊತ್ತಿಲ್ಲ. ಇದು ಒಂದು ಸಂಜೆಯಲ್ಲಿ ಕಲಿಸುವಂಥದ್ದಲ್ಲ. ತಪ್ಪನ್ನು ತಾವೇ ಹುಡುಕುವ ಮನೆಯಲ್ಲಿ ಬೆಳೆದ ಮಗು ಬೇಕು. ಅಂಥ ಮನೆ ನನ್ನದೊಂದೇ ಉಳಿದಿತ್ತು.

ಇನ್ನು ನನ್ನ ಬೇಡಿಕೆ. ನಿಂಗಿಯನ್ನು ಉಳಿಸಿ ಎಂದು ಕೇಳುವುದಿಲ್ಲ. ನಮ್ಮ ಬಿಸಿಲು ಒಬ್ಬ ಮೇಷ್ಟ್ರ ಕೈಯಲ್ಲಿ ನಿಲ್ಲುವಂಥದ್ದಲ್ಲ ಎಂದು ನನಗೆ ಗೊತ್ತು. ಈ ಕಾಗದ ನಿಮಗೆ ಸಿಗುವಾಗ ಸಾಕಮ್ಮನ ಮೇಕೆ ನೆಲದ ಮೇಲೆ ನಿಲ್ಲಲು ಕಲಿತಿರುತ್ತದೆ, ವರ್ಷದ ಕೊನೆಯ ಪಾಠ ಇನ್ನೂ ಬಾಕಿ ಇರುತ್ತದೆ. ಆ ದಿನ ಒಬ್ಬರಿಗೆ ಕೊಡಿ ಎನ್ನಬೇಡಿ. ಇಬ್ಬರಿಗೆ ಕೊಡಿ ಎನ್ನಿ. ಕೆಳಗಿನ ತರಗತಿಯಲ್ಲಿ ಅಷ್ಟು ಮಕ್ಕಳಿಲ್ಲವೆಂದು ಯಾರಾದರೂ ತಕರಾರು ತೆಗೆದರೆ, ಮನೆಯಲ್ಲಿ ತಮ್ಮ ತಂಗಿ ಇದ್ದಾರೆ, ಎದುರುಮನೆಯವರಿದ್ದಾರೆ, ಹುಡುಕಿ ಎಂದು ಗದರಿಸಿ. ಅವರು ನಿಮ್ಮ ಮಾತನ್ನು ಹೇಗೆ ಉಳಿಸಿಕೊಂಡರೆಂದು ಈ ಕಾಗದದಲ್ಲೇ ನೋಡಿದಿರಲ್ಲ. ಇದನ್ನೂ ಹಾಗೆಯೇ ಉಳಿಸಿಕೊಳ್ಳುತ್ತಾರೆ.

ಹಾಗೆ ಆದರೆ, ಮೋಡ ಬರುವ ಮೊದಲು ಯಾವುದೋ ಹಟ್ಟಿಯಿಂದ, ಒಣಗದೆ ಉಳಿದ ಇನ್ನೊಂದು ಬಳ್ಳಿಯ ಮಗು ಸಂಜೆಯ ಮಬ್ಬಿನಲ್ಲಿ ನನ್ನ ನೆಲಗೋಣೆಗೆ ಇಳಿದು ಬಂದೀತು. ಅದಕ್ಕೆ ಕುಡಿಯಲು ನೀರು ಕೊಡುತ್ತೇನೆ, ನಿಂಗಿಯ ಜಾಗದಲ್ಲಿ ಕೂರಿಸುತ್ತೇನೆ. ಮೇಕೆ ಬೀಳುತ್ತದೆ. ಮರಿ ಎಲ್ಲಿ ಹೋಯಿತು ಎಂದು ಅದು ನನ್ನನ್ನು ಕೇಳುತ್ತದೆ. ನಾನು ಹೇಳುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಅದು ಹುಡುಕಿ ಕರೆತರುವವರೆಗೂ ನಿಂತಿರುತ್ತೇನೆ.

ನಿಂಗಿಯ ತಾಯಿ,
ಮಾರಕ್ಕ