ಊರ ಕಡೆ ನೋಡುವ ಬಾವುಟ

ಹೂವಿನಹಡಗಲಿ
ಸೋಮವಾರ, ೧೪ ಜುಲೈ ೨೦೨೫

ಚಿ॥ ಸೌ॥ ವಾಣಿಶ್ರೀಗೆ,

ಹಡಗಲಿಯಿಂದ ಹಾಲೇಶಪ್ಪ ಮತ್ತು ನಾಗಲಿಂಗಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮವಾಗಿದ್ದೇವೆ. ನಾಗಲಿಂಗಿಯ ಮೊಣಕಾಲು ಮಾತ್ರ ತನ್ನ ಹಳೇ ರಾಗ ಬಿಟ್ಟಿಲ್ಲ. ನೀನು, ತಿಪ್ಪೇಶ, ನಿಮ್ಮ ಮನೆಯ ಹಿರಿಯರು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಹೆಸರಿನ ಮುಂದೆ "ಸೌ" ಎಂದು ಬರೆದು ಒಂದು ಗಳಿಗೆ ಪೆನ್ನು ಕೆಳಗಿಟ್ಟೆ. ಆ ಅಕ್ಷರ ತನ್ನ ಜಾಗಕ್ಕೆ ಮತ್ತೆ ಬಂದು ಕೂತಿತಲ್ಲ, ಕಣ್ಣು ತುಂಬ ನೋಡಿಕೊಂಡೆ.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಈ ಮುದುಕನ ಮೇಲೆ ಸಿಟ್ಟಾಗಬೇಡ. ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆದೆ ಎಂದಿದ್ದೀಯ. ಹೇಳಲು ನನಗೂ ಬಾಯಿ ಬರಲಿಲ್ಲ. ಮೇಲಾಗಿ ನಮ್ಮ ಮನೆಯ ಫೋನಿನ ಹಣೆಬರಹ ನಿನಗೆ ಗೊತ್ತಲ್ಲ, ನಾನು ಹಲೋ ಎನ್ನುವಷ್ಟರಲ್ಲಿ ಅದು ನಾಗಲಿಂಗಿಯ ಕಿವಿಯಲ್ಲಿರುತ್ತದೆ.

ನೀನು ಕೇಳಿದ್ದು ಎರಡು ಮಾತು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ನಾನು ಎಲ್ಲಿಗೆ ಹೋಗಲಿ ಎಂದು ಒಂದು. ಈಗ ಹರಪನಹಳ್ಳಿಯ ಮನೆಯಲ್ಲೂ ಒಬ್ಬರು ಮಾವ ಇದ್ದಾರೆ, ನಿಮ್ಮನ್ನು ಇನ್ನು ಮೇಲೆ ಅಪ್ಪಾಜಿ ಎಂದು ಕರೆಯಲೇ ಎಂದು ಇನ್ನೊಂದು. ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದೆ. ನಾಗಲಿಂಗಿ ಶೇಂಗಾ ಬಿಡಿಸುತ್ತಿದ್ದವಳು ಮೊರವನ್ನು ದಡ್ಡನೆ ನೆಲಕ್ಕಿಟ್ಟಳು.

"ಇದನ್ನೂ ಕೇಳಬೇಕೇನ್ರಿ ಅಕಿ? ಹುಚ್ಚು ಹುಡುಗಿ! ಜೋಕಾಲಿ ಹಗ್ಗ ಎಲ್ಲೈತಿ ನೋಡ್ರಿ ಮೊದಲ."

ಆಮೇಲೆ ನಿಮ್ಮಣ್ಣ ಕೊಟ್ಟೂರಿನಲ್ಲಿ ಆಡಿದನೆಂದು ನೀನು ಬರೆದಿದ್ದ ಆ ಮಾತಿಗೆ ಬಂದೆ. "ಉಡಿಕಿ ಆದಾಕಿಗೆ ಎಂಥಾ ತವರುಮನಿ" ಎಂದನಂತೆ. ಹೆಂಗಸಿನ ಎರಡನೇ ಮದುವೆಯನ್ನು ಕತ್ತಲಲ್ಲಿ ಗುಟ್ಟಾಗಿ ಮುಗಿಸುತ್ತಿದ್ದ ಹಿಂದಿನವರು ಅದಕ್ಕೆ ಇಟ್ಟ ಆ ಹಳೇ ಹೆಸರು ಇನ್ನೂ ಅವನ ಬಾಯಲ್ಲಿದೆಯಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ನಾನು ಬೈಯುವ ಮೊದಲೇ ನಾಗಲಿಂಗಿ ಶುರು ಮಾಡಿದಳು.

"ನಾಲಿಗಿಗೆ ಎಲುಬಿಲ್ಲಂತ ಹೆಂಗ ಬೇಕಾದ್ರ ಹಂಗ ಹೊರಳಸ್ತಾನೇನು ಅಂವ? ನಾವು ಬಾಸಿಂಗ ಕಟ್ಟಿಸಿ, ಊರಿಗೆಲ್ಲ ಉಣ್ಣಾಕ ಹಾಕಿ, ನಡುಮಧ್ಯಾಹ್ನ ಮದುವಿ ಮಾಡಿ ಕೊಟ್ಟೇವಿ. ಹೇಳ್ರಿ ಅಂವಗ!"

ನಿಮ್ಮಣ್ಣ ಎದುರಿಗೇ ಇದ್ದಾನೆ ಎನ್ನುವಂತೆ ನನಗೇ ಬೈದಳು. ನಾನು ತಲೆ ಬಗ್ಗಿಸಿ ಬೈಸಿಕೊಂಡೆ.

ಅವಳ ಉತ್ತರ ಹೀಗೆ ಅದೇ ಕ್ಷಣ ಸಿದ್ಧವಾಗಿತ್ತು. ನನ್ನದು ತಡವಾಯಿತು. ಯಾಕೆಂದರೆ ಬರೀ ಕಾಗದ ಕಳಿಸಬಾರದು, ಮಗಳಿಗೆ ತವರಿನಿಂದ ಏನಾದರೂ ಹೋಗಬೇಕು ಎನ್ನಿಸಿತು. ಏನು ಕಳಿಸುವುದು ಎಂದು ಅಂಗಡಿಯಲ್ಲಿ ಕಣ್ಣಾಡಿಸಿದರೆ ಎದುರಿಗೇ ಕೂತಿತ್ತು ನಾವು ಮರದಲ್ಲಿ ಮಾಡಿದ ನಮ್ಮ ಪುಟ್ಟ ಹಡಗು. ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಬೇಕಾಯಿತು. ಜಗತ್ತಿನ ದೇವರ ಫೋಟೊಗಳಿಗೆಲ್ಲ ಗಾಜು ಕೂಡಿಸಿ ಕಟ್ಟು ಹಾಕಿ ಕೊಟ್ಟವನು ನಾನು, ಈ ಹಡಗಿಗೆ ಇಷ್ಟು ವರ್ಷ ಒಂದು ಗಾಜು ಹಾಕಿರಲಿಲ್ಲ ನೋಡು. ನಾಗಲಿಂಗಿ ಬಿಡುತ್ತಾಳೆಯೇ, "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಆಡಿಕೊಂಡಳು.

ಧೂಳು ಒರೆಸಲು ಕೂತಾಗ ಹಳೆಯದೆಲ್ಲ ನೆನಪಾಯಿತು. ಪ್ರವೀಣ ಮಂಗಳೂರಿನ ಬಂದರಿನಲ್ಲಿ ಗಾಜಿನ ಕಪಾಟಿನಲ್ಲಿದ್ದ ಹಾಯಿಹಡಗನ್ನು ನೋಡಿ ಬಂದು, "ಅಪ್ಪಾ, ನಮ್ಮೂರ ಹೆಸರಾಗ ಹಡಗೈತಿ, ಊರಾಗ ಒಂದಾದ್ರೂ ಬ್ಯಾಡೇನು?" ಎಂದು ದುಂಬಾಲು ಬಿದ್ದದ್ದು. ಇಲ್ಲಿಂದ ಹಂಪಿಗೆ ಹೂವು ಹಡಗಿನಲ್ಲಿ ಹೋಗುತ್ತಿತ್ತು ಎಂದು ನಮ್ಮಜ್ಜ ಹೇಳುತ್ತಿದ್ದ. ನಾನು ಹುಟ್ಟಿದ ಮೇಲೆ ಹೊಳೆಯಲ್ಲಿ ಕಂಡದ್ದು ಹರಗೋಲು ಮಾತ್ರ. ಅದು ಬುಟ್ಟಿ, ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಅಂಥ ನಾನು, ಪ್ರವೀಣ ತೆಗೆಸಿ ತಂದ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಒಂದು ವಾರ ಅಭ್ಯಾಸ ಮಾಡಿದ್ದೆ. ನಿಜವಾದ ಹಡಗಿನ ಅಳತೆಯ ನೂರರಲ್ಲಿ ಒಂದು ಪಾಲು ಇರಬೇಕು ಎಂದು ಅವನ ಹಟ. ಅಂಗಡಿಯಲ್ಲಿ ಕಟ್ಟು ಕೊಯ್ದು ಉಳಿದ ಸಾಗವಾನಿ ಪಟ್ಟಿಗಳನ್ನು ಬಳುಕಿಸಲು ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆವಲ್ಲ! ಮರುದಿನದ ಇಡ್ಲಿಗೆ ಬಡಗಿ ಅಂಗಡಿಯ ವಾಸನೆ ಬಂದು, ನಾಗಲಿಂಗಿ ನಮ್ಮಿಬ್ಬರ ತಟ್ಟೆಗೂ ಬರೀ ಚಟ್ನಿ ಹಾಕಿದ್ದಳು.

ಅದಕ್ಕೆ ಹಡಗಿನ ಕಳೆ ಬಂದದ್ದು ಮಾತ್ರ ನೀನು ಕೈ ಹಾಕಿದ ಮೇಲೆ. ಹಾಯಿಯ ಬಟ್ಟೆಯನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಹಳೇ ಬಣ್ಣ ತರಿಸಿದೆ. ಗಂಜಿ ಹಾಕಿ ಚೊಂಬಿನ ಬೆನ್ನಿಗೆ ಅಂಟಿಸಿ ಒಣಗಿಸಿ, ಗಾಳಿ ತುಂಬಿದ ಹಾಗೆ ಉಬ್ಬಿಸಿದೆ. ಕುಪ್ಪಸ ಹೊಲಿಯುವ ಮಷಿನ್ನಿನಲ್ಲಿ ಅಷ್ಟು ಸಣ್ಣ ಹೊಲಿಗೆ ಹೇಗೆ ಬೀಳಿಸಿದೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ನಾವಿಕರು ಹತ್ತುವ ನೂಲಿನ ಏಣಿಗೆ ಪ್ರವೀಣ ಫೋನಿನಲ್ಲಿ ವಿಡಿಯೊ ನೋಡುತ್ತಾ ಗಂಟು ಹಾಕುತ್ತಿದ್ದ. ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ನೀನು "ಸರೀರಿ ಆಕಡೆ" ಎಂದು ಅವನನ್ನು ಪಕ್ಕಕ್ಕೆ ತಳ್ಳಿ, ಮಲ್ಲಿಗೆ ಕಟ್ಟುವ ಗಂಟಿನಲ್ಲೇ ಸರಸರ ಕಟ್ಟಿಬಿಟ್ಟೆ. ಮೊನ್ನೆ ಕುಂಚದಿಂದ ಒರೆಸುವಾಗ ಪರೀಕ್ಷೆ ಮಾಡಿದೆ. ಒಂದು ಗಂಟೂ ಸಡಿಲವಾಗಿಲ್ಲ.

ಇನ್ನು ಆ ಬಾವುಟ. ಹಡಗಿಗೆ ಕಟ್ಟಕಡೆಗೆ ಬಾವುಟ ಹಾಕಬೇಕು, ನಮ್ಮ ಹುಡುಗನಿಗೆ ತಡೆಯಲು ಆಗಲಿಲ್ಲ. ಹಗ್ಗ ಬಿಗಿಯುವ ಕೆಲಸ ಅರ್ಧ ಇರುವಾಗಲೇ ನಿನ್ನ ಕೆಂಪು ಕುಪ್ಪಸದ ತುಂಡನ್ನು ಕತ್ತರಿಸಿ, ಟ್ರ್ಯಾಕ್ಟರಿನ ಬಾವುಟದಂತೆ ಹಿಂದಕ್ಕೆ ಹಾರಿಸಿ ಅಂಟಿಸಿಬಿಟ್ಟ. ನೀನು ಒಂದು ಹಾಯಿ ಹಿಡಿದು ನೋಡಿ ನಕ್ಕೆ. "ಗಾಳಿ ಹಿಂದಿಂದ ಬಂದು ಹಾಯಿ ಮುಂದಕ್ಕ ಉಬ್ಬೈತಿ, ಬಾವುಟ ಹೆಂಗ ಹಿಂದಕ್ಕ ಹಾರತೈತ್ರಿ? ಗಾಳಿಗೆ ಎರಡು ಬುದ್ಧಿ ಇರ್ತಾವೇನು?" ಎಂದೆ. ಟ್ರ್ಯಾಕ್ಟರ್ ನೋಡಿ ಬೆಳೆದ ನಮಗೆ ಇದು ಹೊಳೆದೇ ಇರಲಿಲ್ಲ. ಪ್ರವೀಣ ತನ್ನ ತಪ್ಪು ಒಪ್ಪಿಕೊಳ್ಳುವ ಪೈಕಿಯೇ? "ಇದು ಹಡಗಲಿ ಹಡಗು. ಎಲ್ಲಿಗೆ ಹೋದ್ರೂ ಇದರ ಬಾವುಟ ಊರ ಕಡೆ ನೋಡ್ತೈತಿ" ಎಂದ. ನಾವು ಮೂವರೂ ನಕ್ಕೆವು, ಬಾವುಟ ಹಾಗೇ ಉಳಿಯಿತು.

ಆಮೇಲೆ ಅವನು ಹಂಪಸಾಗರದಿಂದ ಬರುವಾಗ ಬೈಕು ಲಾರಿಗೆ ಬಡಿದದ್ದು, ಅವನು ಮನೆಗೆ ಬಾರದೇ ಹೋದದ್ದು. ಅದನ್ನು ಬರೆಯುವುದಿಲ್ಲ.

ನಾನು ಬರೆಯಬೇಕಾದ್ದು ಬೇರೆ. ಇಷ್ಟು ದಿನ ನಿನಗೆ ಬಾಯಿಬಿಟ್ಟು ಹೇಳಿಲ್ಲ. ಅವನು ಹೋದ ಮೇಲೆ ನಾನು ಅಂಗಡಿಯ ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದೆ. ಅವನ ಫೋಟೊಗೆ ನಾನೇ ಕಟ್ಟು ಹಾಕಿದ ಮೇಲೆ ಇನ್ನೊಬ್ಬರ ಫೋಟೊ ಮುಟ್ಟಲು ಕೈ ಏಳುತ್ತಿರಲಿಲ್ಲ. ಬಂಧುಗಳು ಬಂದು ಬುದ್ಧಿ ಹೇಳಿದರು, ಸ್ವಾಮಿಗಳು ಸಮಾಧಾನ ಹೇಳಿದರು. ಯಾವುದೂ ಒಳಕ್ಕೆ ಇಳಿಯಲಿಲ್ಲ. ಒಂದು ಮುಂಜಾನೆ ನೀನು ಅರ್ಧಕ್ಕೆ ನಿಂತಿದ್ದ ಹಡಗನ್ನು ಅಂಗಡಿಯಿಂದ ಹೊತ್ತು ತಂದು ನನ್ನ ಮುಂದೆ ಇಟ್ಟೆ. ನಿನ್ನ ಕಣ್ಣು ಅತ್ತು ಅತ್ತು ಬಾತಿದ್ದವು. ಆದರೂ ದನಿ ಗಟ್ಟಿ ಮಾಡಿಕೊಂಡು ಹೇಳಿದೆ:

"ಮಾವಾರ, ಹಗ್ಗ ಬಿಗಿಬೇಕು. ನನಗೊಬ್ಬಾಕಿಗೇ ಆಗವಲ್ದು. ಈ ಕಂಬ ಹಿಡೀರಿ."

ಹಿಡಿದೆ. ನೀನು ಮೇಣ ತೀಡಿದ ನೂಲನ್ನು ಕಂಬದಿಂದ ಕೆಳಕ್ಕೆ ಎಳೆದು ಬಿಗಿಯುತ್ತಾ ಹೋದೆ. ಅವತ್ತು ನಾನು ಹೊಟ್ಟೆ ತುಂಬ ಉಂಡೆನೆಂದು ನಾಗಲಿಂಗಿ ಈಗಲೂ ಹೇಳುತ್ತಾಳೆ. ಗಂಡನನ್ನು ಕಳೆದುಕೊಂಡವಳು ನೀನು, ಕೈ ಹಿಡಿದು ಎಬ್ಬಿಸಿದ್ದು ನನ್ನನ್ನು. ಅಂಗಡಿ ಮತ್ತೆ ನಡೆದದ್ದು, ಈ ಮನೆಯಲ್ಲಿ ಒಲೆ ಹೊತ್ತಿದ್ದು, ನಾನು ಇವತ್ತು ಕೂತು ಕಾಗದ ಬರೆಯುತ್ತಿರುವುದು ಎಲ್ಲ ನಿನ್ನಿಂದ. ಈ ಋಣ ನನ್ನಿಂದ ತೀರುವುದಿಲ್ಲ ತಾಯಿ, ತೀರಿಸುವ ಆಸೆಯೂ ಇಲ್ಲ. ಇರಲಿ, ಚೆನ್ನಾಗಿದೆ.

ಈಗ ಬಾವುಟದ ಸುದ್ದಿ. ಕುಂಚ ತಾಗಿದ್ದೇ ತಡ, ಅದು ಕಳಚಿ ನನ್ನ ಅಂಗೈಗೆ ಬಿತ್ತು. ಇಷ್ಟು ವರ್ಷ ನಾವು ಯಾರೂ ಬೆರಳು ತಾಗಿಸಿರದ ಬಾವುಟ. ನಾಗಲಿಂಗಿ ಚಹಾ ತಂದವಳು ನೋಡಿದಳು, ನನ್ನ ಪಕ್ಕ ಮೊಣಕಾಲು ಹಿಡಿದುಕೊಂಡು ಕೂತಳು.

"ಮೊದಲಿದ್ದಂಗ ಅಂಟಿಸಲೇನು?" ಎಂದೆ.

"ಬ್ಯಾಡ್ರಿ. ಅಕಿ ಮುಂದ ಹೊಂಟಾಳ. ಗಾಳಿ ಎತ್ತಾಗೈತೋ ಅತ್ತಾಗ ಹಾರಲಿ" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ಮಗ ಹೇಳಿದ್ದೂ ಸುಳ್ಳಲ್ಲ ಬಿಡ್ರಿ. ಬಾವುಟ ಎತ್ತಾಗ ನೋಡಿದ್ರೇನು, ಹಡಗಿಗೆ ಊರು ಗೊತ್ತಿರ್ತೈತಿ" ಎಂದಳು.

ಸ್ವಲ್ಪ ಫೆವಿಕಾಲ್ ಹಚ್ಚಿ ಮುಂದಕ್ಕೆ ತಿರುಗಿಸಿ ಅಂಟಿಸಿದೆ. ಈಗ ಹಾಯಿಗೂ ಬಾವುಟಕ್ಕೂ ಒಂದೇ ಗಾಳಿ. ನಕ್ಷೆ ಬಲ್ಲವರು ನೋಡಿದರೂ ತಪ್ಪು ಹುಡುಕಲಾರರು.

ನಾಳೆ ಮುಂಜಾನೆ ಪಾಲಣ್ಣ ಮಲ್ಲಿಗೆ ಹೂವಿನ ಟೆಂಪೊ ತೆಗೆದುಕೊಂಡು ಹರಪನಹಳ್ಳಿಗೆ ಬರುತ್ತಾನೆ. ಬುಟ್ಟಿಗಳ ನಡುವೆ ಗಾಜಿನ ಪೆಟ್ಟಿಗೆಗೆ ಜಾಗ ಮಾಡಿದ್ದಾನೆ. ಬಸ್ಸಿಗೆ ಹಾಕಿದರೆ ಒಡೆದೀತು ಎಂದು ಅವನಿಗೆ ಹೇಳಿದರೆ, "ಹೂವಿನ ಸಂಗಾಟ ಹಡಗು ಹೊಂಟ್ರ, ನಮ್ಮೂರ ಹೆಸರು ಖರೇ ಆತಲ್ಲ ಅಣ್ಣಾ!" ಎಂದು ನಕ್ಕ. ಅಜ್ಜನ ಮಾತು ಕಡೆಗೂ ಟೆಂಪೊದಲ್ಲಿ ನಡೆಯಿತು ನೋಡು. ತಿಪ್ಪೇಶನಿಗೆ ಡಿಪೋದಿಂದ ಬೇಗ ಬಂದು ಇಳಿಸಿಕೊಳ್ಳಲು ಹೇಳು. ಬಸ್ಸಿನ ಎಂಜಿನ್ನು ಎತ್ತುವ ಕೈ ಅದು, ಇದನ್ನು ಹಸುಗೂಸು ಎತ್ತಿದಂತೆ ಎತ್ತಬೇಕು ಎಂದು ಹೇಳು. ಬಿಸಿಲು ಬೀಳುವಲ್ಲಿ ಇಡಬೇಡಿ, ಹಾಯಿಯ ಬಣ್ಣ ಹೋಗುತ್ತದೆ. ಈ ಹಡಗು ನಿಮ್ಮ ನಡುಮನೆಯಲ್ಲಿ ಇದ್ದರೆ ತಿಪ್ಪೇಶನಿಗೆ ಬೇಸರವಾದೀತೇ ಎಂದು ಒಂದು ಅನುಮಾನ ಇತ್ತು. ನಿನ್ನೆ ಅವನೇ ಫೋನು ಮಾಡಿ, "ಮೇಜು ಮಾಡಿಸೀನ್ರಿ, ಎತ್ತರ ಎಷ್ಟಿರಬೇಕು ಹೇಳ್ರಿ" ಎಂದ. ಒಳ್ಳೆಯ ಮನುಷ್ಯನ ಕೈಗೆ ನಿನ್ನನ್ನು ಕೊಟ್ಟೆವು ಎಂದು ಫೋನು ಇಟ್ಟ ಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿಕೊಂಡೆವು.

ನಿನ್ನ ಎರಡೂ ಮಾತಿಗೆ ಈಗ ಉತ್ತರ. ಪಂಚಮಿಗೆ ನೀನು ಬರುವುದು ಹಡಗಲಿಗೆ. ಈ ವರ್ಷ ಮಾತ್ರವಲ್ಲ, ನಾವು ಇರುವವರೆಗೂ. ಕರೆಯಲು ನಾನೇ ಬರುತ್ತೇನೆ, ಕರೆಯದೆ ಬರುವುದು ತವರಿಗೆ ಮರ್ಯಾದೆಯಲ್ಲ. ನಾಗಲಿಂಗಿ, ಅಲ್ಲಲ್ಲ, ನಿಮ್ಮವ್ವ, ಅಳ್ಳು ಹುರಿಯಲು ಜೋಳ ಆರಿಸಿ ಇಟ್ಟಿದ್ದಾಳೆ. ಶೇಂಗಾ ಉಂಡಿಗೆ ಬೆಲ್ಲ ತಂದಾಯಿತು. ಹಿತ್ತಲ ಬೇವಿನ ಮರಕ್ಕೆ ಹಗ್ಗವನ್ನೂ ಕಟ್ಟಿದ್ದೇನೆ. ಕಟ್ಟಿ, ಅವಳ ಅಪ್ಪಣೆಯಂತೆ ನಾನೇ ಕೂತು ತೂಗಿ ನೋಡಿದೆ. ಹಗ್ಗ ಗಟ್ಟಿ ಇದೆ, ನನ್ನ ಸೊಂಟ ಗಟ್ಟಿ ಇಲ್ಲ.

ಇನ್ನೊಂದು ಮಾತು, ಅಪ್ಪಾಜಿ ಎಂದೇ ಕರೆ. ನಾಲ್ಕು ಮಂದಿಯ ಎದುರು ಗಟ್ಟಿಯಾಗಿ ಕರೆ. ಮಗಳಾಗಲು ನೀನು ನಮ್ಮ ಅಪ್ಪಣೆ ಕೇಳಿದೆ. ನಿಜ ಹೇಳಬೇಕೆಂದರೆ ನಮ್ಮನ್ನು ಅಪ್ಪ ಅವ್ವ ಎಂದು ಉಳಿಸಿಕೊಂಡದ್ದು ನೀನು. ನಿನ್ನ ಮನೆ ಬೆಳಗಲಿ, ಮಡಿಲು ತುಂಬಲಿ, ನೀನು ಕೈ ಹಚ್ಚಿದ ಕೆಲಸಗಳೆಲ್ಲ ನಿನ್ನ ಗಂಟುಗಳಂತೆ ಗಟ್ಟಿಯಾಗಿ ನಿಲ್ಲಲಿ. ತಿಪ್ಪೇಶನಿಗೆ ನಮ್ಮ ಆಶೀರ್ವಾದ, ನಿಮ್ಮ ಅತ್ತೆ ಮಾವನವರಿಗೆ ಶರಣು ತಿಳಿಸು.

ಇತಿ ನಿನ್ನ ಅಪ್ಪಾಜಿ,
ಹಾಲೇಶಪ್ಪ

ತಾ.ಕ.: ಮೇಲಿನದನ್ನೆಲ್ಲ ನಿಮ್ಮವ್ವನಿಗೆ ಓದಿ ಹೇಳಿದೆ, ಖುಷಿಪಟ್ಟಳು. ಇದನ್ನು ಅವಳು ಒಳಗೆ ಹೋದ ಮೇಲೆ ಬರೆಯುತ್ತಿದ್ದೇನೆ. ಅಪ್ಪಾಜಿ ಎನ್ನು, ನನಗೆ ಹೆಮ್ಮೆಯೇ. ಆದರೆ ವಾಣಿ, ಲೋಕದಲ್ಲಿ ನನ್ನನ್ನು ಮಾವ ಎಂದವಳು ನೀನೊಬ್ಬಳೇ. ಅದೂ ಪ್ರವೀಣ ನಿನ್ನ ಕೈ ಹಿಡಿದು ಈ ಮನೆಗೆ ತಂದದ್ದಕ್ಕೆ. ಹಡಗು ಕೊಟ್ಟೆ, ಬಾವುಟ ತಿರುಗಿಸಿದೆ, ಅದಕ್ಕೆಲ್ಲ ಮನಸ್ಸು ಗಟ್ಟಿ ಇತ್ತು. ಆ ಒಂದು ಮಾತು ನಿಂತುಹೋದರೆ ನನಗೆ ಒಬ್ಬ ಮಗನಿದ್ದ ಎನ್ನುವುದು ಯಾರ ಬಾಯಲ್ಲೂ ಉಳಿಯುವುದಿಲ್ಲ. ಇನ್ನೊಂದು ಹಡಗು ಶುರು ಮಾಡಿದ್ದೇನೆ, ಸಣ್ಣದು. ಕಂಬ ನಿಲ್ಲಿಸದೆ ಹಾಗೇ ಇಟ್ಟಿದ್ದೇನೆ. ಪಂಚಮಿಗೆ ಬಂದಾಗ, ಅಂಗಡಿಯಲ್ಲಿ ನಾವಿಬ್ಬರೇ ಇರುವ ಹೊತ್ತು ನೋಡಿ, "ಮಾವಾರ, ಈ ಕಂಬ ಹಿಡೀರಿ" ಎಂದು ಒಮ್ಮೆ ಹೇಳಿಬಿಡು.