ಸುವರ್ಣಾ ಅಜ್ಜಿ, ನಿಮ್ಮ ಡಬ್ಬಿ ತೆಗೆದೆವು

ಬೆಟಗೇರಿ
ಗಾಳಿವರ್ಷ ನೂರಾ ಹದಿನೆಂಟು, ಆಷಾಢದ ನಲವತ್ತೊಂದನೆಯ ದಿನ

ಸುವರ್ಣಾ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳಾದ ಹಂಪವ್ವ ಮುಳಗುಂದ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವವರೆಗೂ ಆಷಾಢ ಮುಗಿಯುವುದಿಲ್ಲ. ಊರಿನ ಕರೆಂಟೆಲ್ಲ ಗಾಳಿಯಂತ್ರಗಳದ್ದು, ಹಾಗಾಗಿ ಪಂಚಾಂಗವೂ ಅವುಗಳ ಮಾತನ್ನೇ ಕೇಳುತ್ತದೆ. ನನ್ನ ಕೆಲವು ಶಬ್ದಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಮುಟ್ಟುವಾಗ ನಿಮಗೆ ಇಪ್ಪತ್ತಮೂರು ತುಂಬಿರಬಹುದು, ನನಗೆ ಅರವತ್ತನಾಲ್ಕು. ಆದರೂ ಅಜ್ಜಿ ನೀವೇ, ಬೈಸಿಕೊಳ್ಳಬೇಕಾದವಳು ನಾನು. ಇವತ್ತು ಮಾತ್ರ ಅದು ಸ್ವಲ್ಪ ತಿರುಗುಮುರುಗಾಗಲಿದೆ.

ನಮ್ಮ ಕಾಲದಲ್ಲಿ ಯಾರೂ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದಿಲ್ಲ. ಗೋಡೆಯ ಮೇಲೆ ಒಂದು ಗಾಜಿನ ಹಲಗೆ ಇರುತ್ತದೆ, ಅದರೊಳಕ್ಕೆ ಹರಿವು ಬರುತ್ತದೆ. ಹರಿವು ಎಂದರೆ ನಲ್ಲಿಯ ನೀರಿನ ಹಾಗೆ ಎಲ್ಲಿಂದಲೋ ಬರುವ ಚಿತ್ರ, ಪತ್ರ, ಹಾಡು, ಆಟ ಎಲ್ಲವೂ. ಬೆಳಿಗ್ಗೆ ಮಗ್ಗಕ್ಕೆ ಬೇಕಾದ ವಿನ್ಯಾಸ ಅದರಿಂದಲೇ ಇಳಿಯುತ್ತದೆ, ಮಧ್ಯಾಹ್ನ ರೊಟ್ಟಿ ಬಡಿಯುವಾಗ ಅದೇ ಹಾಡುತ್ತದೆ, ಸಂಜೆ ಓಣಿಯವರೆಲ್ಲ ಸೇರಿ ಅದರಲ್ಲೇ ಆಡುತ್ತಾರೆ. ಯಾವ ಆಟ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ಹರಿವು ಮಂಡಳಿ. ಹೋದ ವರ್ಷ ನಾವು ಆಡುತ್ತಿದ್ದ ಸೈಕಲ್ ಓಟದ ಆಟವನ್ನು, ಆಡುವವರು ಕಡಿಮೆ ಎಂದು ಕಿತ್ತುಹಾಕಿದರು. ಕೇಳಿದರೆ ಬೇರೆ ಆಟ ಇದೆಯಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಆಟವನ್ನು ನನ್ನ ಮನೆಯಲ್ಲಿ, ನನ್ನದೇ ಯಂತ್ರದಲ್ಲಿ ಆಡುತ್ತೇನೆ ಎಂದು ಓಣಿಯ ನಡುವೆ ನಿಂತು ಹೇಳಿಬಿಟ್ಟೆ. ಪಕ್ಕದ ಮನೆಯ ರೇಷ್ಮಾಬಿಯ ಅಟ್ಟದ ಮೇಲೆ ಆ ಆಟದ ಹಳೆಯ ಪ್ರತಿಯೊಂದು ಸಿಕ್ಕಿತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಸ್ವಂತ ಯಂತ್ರ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಒಂದು ಪರೀಕ್ಷೆ ಇದೆ. ಮಂಡಳಿಯ ಪರೀಕ್ಷಕರ ಮುಂದೆ ಕಾಲು ಗಂಟೆ ಒಂದು ಆಟ ತಡವರಿಸದೆ ಓಡಬೇಕು. ಸೆಕೆಂಡಿಗೆ ಮೂವತ್ತು ಮಿಟುಕು ಬೇಕು. ಪರದೆಯ ಮೇಲೆ ಒಂದರ ಹಿಂದೊಂದು ಬೀಳುವ ಚಿತ್ರಗಳಿಗೆ ನಾವು ಮಿಟುಕು ಎನ್ನುತ್ತೇವೆ. ಎರಡು ಸಲ ಅವಕಾಶ. ಎರಡರಲ್ಲೂ ಸೋತರೆ ಯಂತ್ರವನ್ನು ಕಸವೆಂದು ಬರೆದುಕೊಂಡು ಹೋಗಿ ಕುಲುಮೆಯಲ್ಲಿ ಕರಗಿಸುತ್ತಾರೆ.

ನಮ್ಮಂಥವರ ಕೈಗೆ ಎಟುಕುವ ಭಾಗಗಳನ್ನೇ ಕೂಡಿಸಿದೆ. ಮದರ್‌ಬೋರ್ಡ್ ನಾನು ನೇಯ್ದ ಒಂದು ಸೀರೆಗೆ ಬಂತು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಎರಡು ಕುಪ್ಪಸದ ಖಣಕ್ಕೆ, ಪ್ರೊಸೆಸರ್ ಮುಚ್ಚಿಹೋದ ಗಿರಣಿಯ ಆಫೀಸಿನಿಂದ. ಪ್ರೊಸೆಸರ್ ಮೇಲೆ ಕೂತು ಅದರ ಕಾವನ್ನು ಹೊರಗೆ ಹಾಕುವ ಲೋಹದ ಕೂಲರ್ ಮಾತ್ರ ನಿಮ್ಮದು. ದೇವರ ಕೋಣೆಯ ಗೋಡೆಮಾಡದಲ್ಲಿ ಐದು ತಲೆಮಾರಿನಿಂದ ಕೂತಿದ್ದ ಅದರ ಡಬ್ಬಿಯ ಮೇಲೆ ನಿಮ್ಮ ಕೈಬರಹ ಹಾಗೇ ಇದೆ: “ಕಂಪ್ಯೂಟರ್ ಕಟ್ಟಾಕ ತಂದದ್ದು. ಚಲೋ ದಿನ ನೋಡಿ ತೆಗೀಬೇಕು. ಸುವರ್ಣಾ.” ಐದು ತಲೆಮಾರಿನವರಿಗೂ ಒಂದು ಚಲೋ ದಿನ ಸಿಗಲಿಲ್ಲ ಅಜ್ಜಿ. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಡಬ್ಬಿಗೆ ಕುಂಕುಮ ಹಚ್ಚಿ ಮತ್ತೆ ಮೇಲಿಟ್ಟರು.

ಮೊದಲ ಪರೀಕ್ಷೆಗೆ ಸೋಮನಾಥ ಕಾರಭಾರಿ ಎಂಬ ಪರೀಕ್ಷಕರು ಬಂದರು. ಅರ್ಧ ನಿಮಿಷ ಸೈಕಲ್ಲುಗಳು ಚೆನ್ನಾಗಿ ಓಡಿದವು. ಆಮೇಲೆ ಫ್ಯಾನ್ ಕೂಗತೊಡಗಿತು, ಮಿಟುಕು ಏಳಕ್ಕೆ ಇಳಿಯಿತು, ಕಾಲೆತ್ತಿದ ಸವಾರ ಅದನ್ನು ಇಳಿಸುವುದನ್ನೇ ಮರೆತ. ಕಿಟಕಿಗೆ ಅಂಟಿಕೊಂಡು ನಿಂತಿದ್ದ ಓಣಿಯವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಾರಭಾರಿಯವರು ಮೆತ್ತಗೇ ಹೇಳಿದರು: “ಯವ್ವಾ, ಮನ್ಯಾಗ ಕಟ್ಟಿದ್ದು ಹಿಂಗ ಆಗೋದು. ಹರಿವು ಐತೆಲ್ಲ, ಇದ್ಯಾಕ ಬೇಕಿತ್ತು ನಿಮಗ?” ಎರಡನೆಯ ಪರೀಕ್ಷೆಗೆ ಎಂಟು ದಿನ ಕೊಟ್ಟು ಹೋದರು. ಆ ಮೆತ್ತಗಿನ ಮಾತಿಗಿಂತ ಬೈದಿದ್ದರೇ ವಾಸಿಯಿತ್ತು.

ಪರದೆಯ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಇದೆಯೇ ಎಂದು ಮೂರು ಸಲ ನೋಡಿದೆ, ಇತ್ತು. ಎರಡು ರ‍್ಯಾಮ್ ಪಟ್ಟಿಗಳನ್ನು ತಪ್ಪು ಸಂದುಗಳಲ್ಲಿ ಕೂರಿಸಿದ್ದೆ, ಸರಿಪಡಿಸಿದೆ, ಏಳಿದ್ದ ಮಿಟುಕು ಒಂಬತ್ತಾಯಿತು. ಯಂತ್ರದ ಹೊರೆ ಇಳಿಸಲು ಆಟದೊಳಗಿನ ಮರಗಳ ನೆರಳು ತೆಗೆದೆ, ಚಪ್ಪಾಳೆ ತಟ್ಟುವ ಜನರನ್ನು ತೆಗೆದೆ, ಕೊನೆಗೆ ಆಕಾಶದ ಮೋಡವನ್ನೂ ತೆಗೆದೆ. ಹನ್ನೊಂದಾಯಿತು. ಪ್ರೊಸೆಸರ್ ತೊಂಬತ್ತೆಂಟು ಡಿಗ್ರಿ ಕಾದಿದೆ ಎಂದು ಪರದೆ ತೋರಿಸುತ್ತಿತ್ತು. ಅಷ್ಟು ಕಾದರೆ ಸುಟ್ಟುಹೋಗಬಾರದೆಂದು ಅದು ತಾನೇ ಕೆಲಸ ನಿಧಾನ ಮಾಡುತ್ತದೆ. ಪೆಟ್ಟಿಗೆಯ ಬಾಗಿಲು ತೆಗೆದಿಟ್ಟೆ, ದೊಡ್ಡ ಫ್ಯಾನ್ ಹಾಕಿದೆ, ಮೊರ ತಂದು ಗಾಳಿ ಬೀಸಿದೆ. ನನ್ನ ನೆಗೆಣ್ಣಿ ಗಿರಿಜವ್ವ ಬಾಗಿಲಲ್ಲಿ ನಿಂತು ನಕ್ಕಳು. ಆರು ದಿನ ಹೀಗೇ ಕಳೆದುಹೋದವು.

ಆರನೆಯ ಮಧ್ಯಾಹ್ನ ರೇಷ್ಮಾಬಿ ಬಂದಳು. ನೂಲಿಗೆ ಬಣ್ಣ ಹಾಕುವವಳು, ಹಂಡೆಯ ಕಾವನ್ನು ಅಂಗೈಯಲ್ಲೇ ಅಳೆಯುತ್ತಾಳೆ. ಕೂಲರ್ ಮೇಲೆ ಕೈಯಿಟ್ಟು ಹುಬ್ಬು ಗಂಟಿಕ್ಕಿದಳು. “ಅಕ್ಕಾ, ಪರದಿ ನೋಡಿದ್ರ ಕುದಿಯಾಕತ್ತೈತಿ ಅಂತೈತಿ, ಇದು ತಣ್ಣಗೈತೆಲ್ಲ! ಕೆಳಗ ಒಲಿ ಉರದು ಮ್ಯಾಲ ಹಂಚು ಕಾಯವಲ್ದು ಅಂದ್ರ, ನಡುವ ಏನೋ ಐತಿ.”

ನಡುವೆ ಏನಿದೆ ಎಂದು ನನಗೆ ಗೊತ್ತಿತ್ತು. ನಾನೇ ಕಾಪಾಡಿ ಇಟ್ಟಿದ್ದೆ. ಕೂಲರಿನ ತಾಮ್ರದ ತಳಕ್ಕೆ ನಿಮ್ಮ ಕಾಲದ ಕಾರ್ಖಾನೆಯವರು ಒಂದು ತೆಳ್ಳನೆಯ ಪ್ಲಾಸ್ಟಿಕ್ ಅಂಟಿಸಿದ್ದರು. ನಾವು ಅದನ್ನು ಹೊಸಪೊರೆ ಎನ್ನುತ್ತೇವೆ. ಪ್ಲಾಸ್ಟಿಕ್ಕೇ ತಯಾರಾಗದ ಈ ಕಾಲದಲ್ಲಿ ಹೊಸಪೊರೆ ಇರುವ ಸಾಮಾನು ಮನೆಯ ಮರ್ಯಾದೆ. ಬೀಗರು ಬಂದರೆ ಮೊದಲು ಅದನ್ನೇ ತೋರಿಸುತ್ತೇವೆ, ಕಿತ್ತವರ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ಕಾವು ದಾಟಿಸುವ ಬೂದು ಬಣ್ಣದ ಪೇಸ್ಟನ್ನು ಪೊರೆಯ ಮೇಲೆಯೇ ಭಕ್ತಿಯಿಂದ ಸವರಿ ಕೂರಿಸಿದ್ದೆ. ಪೊರೆಯ ಮೇಲಿದ್ದ, ಇಲ್ಲಿಂದ ಕೀಳಿರಿ ಎಂದು ತೋರಿಸುವ ಕೆಂಪು ಬಾಣವನ್ನು ಅಲಂಕಾರ ಎಂದುಕೊಂಡಿದ್ದೆ. ಈ ಚಾಳಿ ನಮಗೆ ಬಂದದ್ದು ಯಾರಿಂದ ಎಂದು ಕೇಳಬೇಡಿ. ಟಿವಿಯ ರಿಮೋಟು, ಸೋಫಾ, ಕಾರಿನ ಸೀಟುಗಳನ್ನು ಪ್ಲಾಸ್ಟಿಕ್ಕಿನೊಳಗೇ ಇಟ್ಟು, ಅದರ ಮೇಲೆಯೇ ಕೂತು ಬೆವೆತ ನಿಮ್ಮೆಲ್ಲರ ಫೋಟೋಗಳನ್ನು ನಾನು ನೋಡಿದ್ದೇನೆ.

ಅವತ್ತು ಮಂಗಳವಾರ, ಅಮಾವಾಸ್ಯೆ ಬೇರೆ, ರಾಹುಕಾಲ. ಶುಕ್ರವಾರದವರೆಗಾದರೂ ತಡೆ ಎಂದು ಗಿರಿಜವ್ವ ಕೈಹಿಡಿದುಕೊಂಡಳು. ಪರೀಕ್ಷೆ ಇದ್ದದ್ದು ಗುರುವಾರ. ಕೂಲರ್ ಬಿಚ್ಚಿ ತಿರುಗಿಸಿ ಹಿಡಿದಾಗ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಅತ್ತೆ. ಐದು ತಲೆಮಾರು ಮುಟ್ಟದ್ದನ್ನು ಮುಟ್ಟುತ್ತಿದ್ದೆ. ಆಮೇಲೆ ಸಿಟ್ಟು ಬಂತು. ಆ ಐವರಲ್ಲಿ ಒಬ್ಬರೂ ಆಡಲಿಲ್ಲವಲ್ಲ ಎಂದು. ಉಗುರಿನಲ್ಲಿ ಅಂಚು ಎಬ್ಬಿಸಿ, ಒಂದೇ ಸಲಕ್ಕೆ ಚರ್ರನೆ ಕಿತ್ತೆ.

ಗುರುವಾರ ಕಾರಭಾರಿಯವರು ಬಂದರು. ಬರಿಯ ತಾಮ್ರದ ಮೇಲೆ ಪೇಸ್ಟ್ ಸವರಿ ಕೂಲರ್ ಕೂರಿಸಿದ್ದೆ. ನೆರಳು, ಜನ, ಮೋಡ ಎಲ್ಲವನ್ನೂ ವಾಪಸ್ ಕರೆದಿದ್ದೆ. ನಲವತ್ತನಾಲ್ಕು ಮಿಟುಕು, ಶುರುವಿನಿಂದ ಕೊನೆಯವರೆಗೂ. ಕಾಲು ಗಂಟೆ ಮುಗಿದರೂ ಅವರು ಏಳಲಿಲ್ಲ. ಕೊನೆಗೆ, “ನಾನೂ ಒಂದ್ ಸುತ್ತು ಹೊಡೀಲೇನ್ರಿ?” ಎಂದರು. ಹೊಡೆದರು, ಗಟಾರಕ್ಕೆ ಬಿದ್ದರು, ಸಹಿ ಮಾಡಿ ಹೋದರು.

ಮೂರು ದಿನಕ್ಕೆ ಮಂಡಳಿಯ ಹೊಸ ಆದೇಶ ಬಂತು. ಮುಂದಿನ ವರ್ಷದಿಂದ ಅರವತ್ತು ಮಿಟುಕು ಬೇಕಂತೆ. ಬೇಕಾದರೆ ನೂರು ಎನ್ನಲಿ. ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಈಗ ಯಂತ್ರ ಕಟ್ಟುತ್ತಿದ್ದಾರೆ, ಮೊರ ನೋಡಿ ನಕ್ಕ ಗಿರಿಜವ್ವನ ಮನೆಯೂ ಸೇರಿ. ಈ ಸಲದ ಖಂಡೇನವಮಿಗೆ ಪೂಜೆಯಾದ ಮೇಲೆ ಎಲ್ಲರೂ ಹೊಸಪೊರೆ ಕೀಳುವುದು ಎಂದು ಓಣಿಯಲ್ಲಿ ತೀರ್ಮಾನವಾಗಿದೆ. ನಮ್ಮ ಯಂತ್ರ ನಿಧಾನವಾದರೆ ಬಿಚ್ಚಿ ನೋಡುತ್ತೇವೆ. ಕುಲುಮೆಗೆ ಕೊಟ್ಟುಬಿಡುವುದಿಲ್ಲ.

ಈಗ ನಿಮಗೆ ಬೈಗುಳ. ಇದನ್ನು ಓದುವ ಹೊತ್ತಿಗೆ ಆ ಡಬ್ಬಿ ಹೊಸದಾಗಿ ನಿಮ್ಮ ಮನೆಗೆ ಬಂದು, ನೀವು ಪೆನ್ನು ಹುಡುಕುತ್ತಿರಬಹುದು. ಬರೆಯಬೇಡಿ. ಮಾಡದಲ್ಲಿ ಇಡಬೇಡಿ. ಇವತ್ತೇ ಡಬ್ಬಿ ಒಡೆಯಿರಿ, ಪೊರೆ ಕೀಳಿರಿ, ನಿಮ್ಮ ಯಂತ್ರ ಕಟ್ಟಿರಿ. ಹಾಗೆ ಮಾಡಿದರೆ ಆ ಕೂಲರ್ ಸವೆದುಹೋಗುತ್ತದೆ, ನನ್ನ ಕೈಗೆ ಬರುವುದೇ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಬರದಿದ್ದರೆ ಬೇಡ. ನಾನು ಬೇರೆ ಹುಡುಕುತ್ತೇನೆ.

ನೀವು ಆಡಿ, ಅಜ್ಜಿ.

ಹಂಪವ್ವ