ಐದನೇ ಜ್ವರ

ಫೆಬ್ರವರಿ 10, ಬೆಳಗ್ಗೆ, ದಿಬ್ಬೂರಹಳ್ಳಿ

ಮತ್ತೆ ಪೈಲಟ್ ಯೂನಿಫಾರ್ಮ್. ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಹೆರಿಗೆ ರಜೆಯ ನಂತರ ಮೊದಲ ದೂರದ ಟ್ರಿಪ್ — ಲಂಡನ್. ಹರಿತಾಳಿಗೆ ಒಂಬತ್ತು ತಿಂಗಳು. ಈ ಸಲ ನಾನಿಲ್ಲದೆ ಅವಳು ಹೇಗಿರುತ್ತಾಳೋ ನೋಡಬೇಕು. ಆಗಲಿಲ್ಲವೆಂದರೆ ದೂರದ ಫ್ಲೈಟ್‌ಗಳಿಗೆ ಕೈ ಮುಗಿದುಬಿಡುವುದು. ಮನಸ್ಸಿನಲ್ಲಿ ಹಾಗೆ ತೀರ್ಮಾನಿಸಿದ್ದೇನೆ.

ಅಮ್ಮನಿಗೆ ಇತ್ತ ಮೊಮ್ಮಗಳು, ಅತ್ತ ಮನೆ ತುಂಬ ರೇಷ್ಮೆ ಹುಳು. ನಾಲ್ಕನೇ ಜ್ವರದಿಂದ ಇವತ್ತೇ ಎದ್ದಿವೆ. ಇನ್ನು ಎಷ್ಟು ಸೊಪ್ಪು ಹಾಕಿದರೂ ಸಾಲದು.

ಅದೇ ದಿನ, ಸಂಜೆ, ಲಂಡನ್

ಹೊರಡುವ ಮುಂಚೆ ಒಂದು ತಮಾಷೆ. ಕ್ರೂ ಬಸ್ಸಿನಲ್ಲಿ ಅಮ್ಮನಿಗೆ ಫೋನ್ ಮಾಡಿ, "ಜ್ವರ ಎಲ್ಲಾ ಎದ್ವಾ?" ಅಂದೆ. ಕ್ಯಾಪ್ಟನ್ ಮೋಹನ್‌ಬಾಬು ಗಾಬರಿ. ಮಗುವಿಗೆ ಜ್ವರವಿದ್ದರೆ ಮನೆಗೆ ಹೋಗಮ್ಮ ಅಂದರು. ಮಗುವಿಗಲ್ಲ ಸಾರ್, ಹುಳುವಿಗೆ, ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ನಮ್ಮ ಕಡೆ ಹಾಗನ್ನುತ್ತೇವೆ, ಜೀವಮಾನದಲ್ಲಿ ನಾಲ್ಕೇ ಸಲ ಎಂದು ಬಿಡಿಸಿ ಹೇಳಿದೆ. ಮದನಪಲ್ಲಿಯ ಮನುಷ್ಯ, ಆದರೂ ರೇಷ್ಮೆಯ ಗಂಧಗಾಳಿ ಇಲ್ಲ!

ಲ್ಯಾಂಡಿಂಗ್ ನನ್ನದೇ. ಚೆನ್ನಾಗಿಯೇ ಆಯಿತು. ಹೋಟೆಲಿಗೆ ಬಂದು ಹಾಲು ಹಿಂಡಿ ಬೇಸಿನ್ನಿಗೆ ಸುರಿದೆ... ಅಳು ಬಂತು. ಸುಳ್ಳು ಯಾಕೆ.

ಫೆಬ್ರವರಿ 11, ಮಧ್ಯಾಹ್ನ

ಅಮ್ಮ ವೀಡಿಯೊ ಹಾಕಲಿಲ್ಲ. ಪಾಪು ಮಲಗಿದೆಯಂತೆ. "ಮನೇಲಿ ಜ್ವರ ಕೂತೈತೆ ಕಣಮ್ಮ, ನಾಳಿಕ್ಕೆ ಎದ್ದೋಗ್ತೈತೆ. ನೀನು ಹುಷಾರಾಗಿ ಬಾ" ಅಂದಳು. ಹುಳುವಿನ ಧ್ಯಾನವೇ ಅವಳಿಗೆ. ನನ್ನ ಊಟದ ವಿಚಾರವನ್ನೂ ಕೇಳಲಿಲ್ಲ. ಸಿಟ್ಟು ಬಂತು. ಸಂಜೆ ವಾಪಸ್ಸು.

ಫೆಬ್ರವರಿ 12, ಬೆಳಕು ಹರಿಯುವ ಹೊತ್ತು, ವಿಮಾನದಲ್ಲಿ ಪೈಲಟ್ ಮಲಗುವ ಬಂಕ್



ಕಾಕ್‌ಪಿಟ್‌ನಲ್ಲಿ ಕಾಫಿ ಕುಡಿಯುತ್ತ ಕ್ಯಾಪ್ಟನ್ ಹುಳುಗಳ ಯೋಗಕ್ಷೇಮ ವಿಚಾರಿಸಿದರು. ಮತ್ತೆ ಜ್ವರಕ್ಕೆ ಕೂತಿವೆಯಂತೆ ಅಂದೆ.

"ನಾಲ್ಕೇ ಅಂದ್ಯಲ್ಲಮ್ಮ?"

ಹೌದಲ್ಲ. ಐದನೇದು ಇಲ್ಲವೇ ಇಲ್ಲ. ರೇಷ್ಮೆ ಮನೆಯಲ್ಲಿ ಹುಟ್ಟಿದವಳು ನಾನು, ನನಗೇ ಹೊಳೆಯಲಿಲ್ಲ. ಹುಳು ಮನೆಯಲ್ಲಿರುವಷ್ಟು ದಿನ ಅಮ್ಮ ಸುಳ್ಳಾಡುವುದಿಲ್ಲ, ಅದು ಅವಳ ವ್ರತ. ಸುಳ್ಳಾಡಲಿಲ್ಲ. ಯಾರಿಗೆ ಜ್ವರ ಅನ್ನುವುದನ್ನು ಮಾತ್ರ ನುಂಗಿಕೊಂಡಳು.

ಮನಸ್ಸು ಸರಿಯಿಲ್ಲ, ಲ್ಯಾಂಡಿಂಗ್‌ಗೆ ನಾನು ಕೂರುವುದಿಲ್ಲ ಎಂದೆ. ಮೂರನೇ ಪೈಲಟ್ ವೇಣು ನನ್ನ ಸೀಟಿಗೆ ಬಂದ. "ಏಮೀ ಕಾದು ಲೇಮ್ಮಾ" ಎಂದು ತೆಲುಗಿನಲ್ಲೇ ಧೈರ್ಯ ಹೇಳಿ ಕ್ಯಾಪ್ಟನ್ ಇಲ್ಲಿಗೆ ಕಳಿಸಿದರು. ಏನೂ ಆಗಿರುವುದಿಲ್ಲ... ಆಗಿರಬಾರದು. ಇಳಿದ ತಕ್ಷಣ ಡ್ಯೂಟಿ ಹಂಚುವ ರಾಸ್ಟರ್‌ನವರಿಗೆ ಬರೆಯುತ್ತೇನೆ. ಸಾಕು ಈ ಹಾರಾಟ.

ಅದೇ ದಿನ, ಮಧ್ಯಾಹ್ನ, ಮನೆ

ಹರಿತಾಳಿಗೆ ಬರೀ ಶೀತದ ಜ್ವರ. ಬೆಳಗ್ಗೆಯೇ ಬಿಟ್ಟಿದೆ. ನನ್ನ ಗಂಡ ಗಂಗರಾಜು ನಿನ್ನೆ ಕಾಲೇಜಿಗೆ ರಜೆ ಹಾಕಿ ಶಿಡ್ಲಘಟ್ಟದಲ್ಲಿ ಡಾಕ್ಟರಿಗೆ ತೋರಿಸಿದ್ದನಂತೆ. ಅವನೂ ಬಾಯಿ ಬಿಟ್ಟಿಲ್ಲ. ಕಳ್ಳರು.

ಎತ್ತಿಕೊಳ್ಳಲು ಹೋದರೆ ಹರಿತಾ ಅಜ್ಜಿಯ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ಆ ಕೋಪವನ್ನೆಲ್ಲ ಅಮ್ಮನ ಮೇಲೆ ತೀರಿಸಿದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡೇ ಒಂದು ಕೈಲಿ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

"ನಾನು ಹೇಳಿದ್ರೆ ಅದಕ್ಕೆ ಜ್ವರ ಬಿಡ್ತಿತ್ತಾ? ಅಷ್ಟು ಜನಾನ ಹೊತ್ಕೊಂಡು ಬರೋಳು ನೀನು. ಅವರ ಮನೇಲೂ ಕಾಯ್ತಿರ್ತಾರೆ."

ಇನ್ನು ದೂರ ಹೋಗುವುದಿಲ್ಲ ಅಂದೆ. ಅವಳ ಕೈ ಆಗ ನಿಂತಿತು.

"ಹೋಗಮ್ಮ. ನಾನಿಲ್ವಾ? ಇನ್ಮೇಲೆ ಹುಳದ್ದೋ ಮಗೀದೋ ಬಿಡಿಸಿ ಹೇಳ್ತೀನಿ, ಆಯ್ತಾ?"

ನಗು ಬಂತು. ಅಳುವೂ ಬಂತು. ರಾಸ್ಟರ್‌ನವರಿಗೆ ಏನು ಬರೆಯಲಿ? ಬರೆಯದೇ ಇರಲೇ? ಅಮ್ಮ ಮಗುವನ್ನು ಚಾಪೆಗೆ ಬಿಟ್ಟು ಹುಳುವಿನ ಮನೆಗೆ ಹೋದಳು. ಪಾಪು ಅಜ್ಜಿ ಹೋದ ದಾರಿ ನೋಡಿತು. ನನ್ನನ್ನು ನೋಡಿತು. ಅಂಬೆಗಾಲಿಟ್ಟುಕೊಂಡು... ಈ ಕಡೆಗೇ. ಬಾಮ್ಮಾ, ಬಾ, ನನ್ನ—